ಎರಡನೇ ಪ್ರಯೋಗ

ಹದಿನಾಲ್ಕನೇ ತಾರೀಕು, ಬುಧವಾರ, ಬೆಳಿಗ್ಗೆ ಹತ್ತೂಕಾಲಕ್ಕೆ ಠಾಣೆಗೆ ಬಂದ ದೂರು ಒಂದೂವರೆ ಪುಟವಿತ್ತು, ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಇನ್ಸ್‌ಪೆಕ್ಟರಮ್ಮನಿಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ. ಮನೆಗೆ ಬೆಂಕಿ ಬಿದ್ದವನು ಅಲ್ಪವಿರಾಮ ಹಾಕುತ್ತ ಕೂರುವುದಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಓದಿದ ದೂರುಗಳೆಲ್ಲ ಬಿಕ್ಕಳಿಸುತ್ತಲೋ ಬೈಯುತ್ತಲೋ ಬಂದಂಥವು.

ಆಮೇಲೆ ಆ ಅನುಮಾನ ತಾನಾಗಿಯೇ ಇಳಿಯಿತು. ದೂರು ತಂದವರು ನಿಘಂಟು ಕಚೇರಿಯ ನಿರ್ದೇಶಕರು. ತಪ್ಪಿಲ್ಲದೆ ಬರೆಯುವುದೇ ಅವರ ಕಸುಬು.

ಸಂಗತಿ ಇಷ್ಟು. ಹಿಂದಿನ ದಿನ, ಮಂಗಳವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಸುಮಾರು ಒಂದೂಕಾಲಕ್ಕೆ ಕಚೇರಿಯ ಚೀಟಿ ಕೋಣೆಗೆ ಬೆಂಕಿ ಬಿದ್ದಿತ್ತು. ಒಳಗೆ ನುಗ್ಗಿದ ಅಟೆಂಡರನ ಎರಡು ಕೈಯೂ ಎದೆಯೂ ಸುಟ್ಟಿದ್ದವು, ಹೊಗೆ ಕುಡಿದು ಶ್ವಾಸಕೋಶ ಕೆಟ್ಟಿತ್ತು. ಈಗ ಗಂಟಲಲ್ಲಿ ನಳಿಗೆ, ಪ್ರಜ್ಞೆ ಇಲ್ಲ. ಅವನು ಒಳಗೆ ಕೂತು ಸಿಗರೇಟು ಸೇದಿದ್ದೇ ಬೆಂಕಿಗೆ ಕಾರಣ ಎಂದು ದೂರು ಹೇಳುತ್ತಿತ್ತು.

"ಸೇದಿದ್ದನ್ನ ನೋಡಿದವರು ಯಾರು?"

"ಯಾರೂ ಇಲ್ಲ. ಆದರೆ ತುಂಡು ಅಲ್ಲೇ ಬಿದ್ದಿದೆ ಮೇಡಂ. ನೀವು ಬರೋವರೆಗೂ ಮುಟ್ಟಬಾರದು ಅಂತ ಹಾಗೇ ಬಿಟ್ಟಿದ್ದೀವಿ."

"ಆತ ಉಳೀತಾನಾ?"

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. "ಎರಡು ದಿನ ಏನೂ ಹೇಳೋಕಾಗಲ್ಲ ಅಂದ್ರು ಡಾಕ್ಟರು."

ಇನ್ಸ್‌ಪೆಕ್ಟರಮ್ಮ ಎಫ್‌ಐಆರ್ ಪುಸ್ತಕ ತರಿಸಿದರು. ಕ್ರಮಸಂಖ್ಯೆ ಎಂಬತ್ತನಾಲ್ಕು. ಆರೋಪಿಯ ಕಾಲಂಗೆ ಬಂದಾಗ ಪೆನ್ನು ಸ್ವಲ್ಪ ನಿಂತಿತು. ಇಂಥ ಕೇಸುಗಳ ಅನುಕೂಲ ಅವರಿಗೆ ಗೊತ್ತಿತ್ತು. ಆರೋಪಿ ಸತ್ತರೆ ಕಡತ ಮುಚ್ಚುತ್ತದೆ, ಸಾಹೇಬರಿಗೂ ನೆಮ್ಮದಿ, ಕೋರ್ಟಿಗೂ ನೆಮ್ಮದಿ. ಸತ್ತವನ ಹೆಸರು ಮಾತ್ರ ಕಚೇರಿ ಸುಟ್ಟವನು ಎಂದು ಹಾಗೇ ಉಳಿದುಬಿಡುತ್ತದೆ. ಎದ್ದು ಬಂದು ಅಲ್ಲ ಎನ್ನಲು ಅವನಿಗೆ ಬಾಯಿ ಎಲ್ಲಿ?

ಆ ಕಾಲಂನಲ್ಲಿ ಅವರು "ತನಿಖೆಯಿಂದ ತಿಳಿಯಬೇಕಿದೆ" ಎಂದು ಬರೆದರು. ನಿರ್ದೇಶಕರ ಹುಬ್ಬು ಮೇಲೇರಿದ್ದನ್ನು ನೋಡಿಯೂ ನೋಡದಂತಿದ್ದರು.

ಹನ್ನೊಂದು ಇಪ್ಪತ್ತಕ್ಕೆ ಸ್ಥಳ ಪಂಚನಾಮೆ. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಅವನನ್ನು ಠಾಣೆಯಲ್ಲಿ ಎಲ್ಲರೂ ಗಡಿಯಾರ ಎಂದೇ ಕರೆಯುವುದು. ಕೇಳಲಿ ಬಿಡಲಿ, ಪ್ರತಿಯೊಂದಕ್ಕೂ ಹೊತ್ತು ಹೇಳುವುದು ಅವನ ಚಟ. ಅವನ ಹೆಂಡತಿ ಒಮ್ಮೆ ಠಾಣೆಗೆ ಬಂದು, ಇವರು ಜಗಳ ಆಡಿದರೂ ಟೈಮ್ ನೋಡಿಕೊಂಡೇ ಆಡುತ್ತಾರೆ ಎಂದು ದೂರಿದ್ದಳು. ಎದುರಿನ ಬೈಂಡಿಂಗ್ ಅಂಗಡಿಯವನನ್ನೂ ಪಕ್ಕದ ಕನ್ನಡಕದಂಗಡಿಯವನನ್ನೂ ಪಂಚರಾಗಿ ಕರೆತಂದರು.

ಚೀಟಿ ಕೋಣೆ ಉದ್ದಕ್ಕೆ ರೈಲುಡಬ್ಬಿಯಂತಿತ್ತು. ಎರಡೂ ಗೋಡೆಗೆ ಉಕ್ಕಿನ ಬೀರುಗಳು, ಪ್ರತಿ ಬೀರುವಿಗೆ ಇಪ್ಪತ್ತನಾಲ್ಕು ಡ್ರಾಯರು, ಪ್ರತಿ ಡ್ರಾಯರಿನಲ್ಲಿ ಒತ್ತಾಗಿ ನಿಲ್ಲಿಸಿದ ಅಂಗೈಯಗಲದ ಚೀಟಿಗಳು. ಒಂದು ಚೀಟಿಗೆ ಒಂದು ಇಂಗ್ಲಿಷ್ ಪದ, ಅದರ ಅರ್ಥ, ಅದನ್ನು ಯಾವ ಪುಸ್ತಕದಲ್ಲಿ ಯಾರು ಹೇಗೆ ಬಳಸಿದ್ದಾರೆ ಎಂಬ ಪ್ರಯೋಗ. ಬಲಗಡೆಯ ಮೂರನೇ ಬೀರು ಕಪ್ಪಾಗಿತ್ತು. ಅದರ ಮೇಲಿನ ಮರದ ಹಲಗೆ ಉರಿದು ಬೀರುವಿನ ನೆತ್ತಿಗೇ ಕುಸಿದಿತ್ತು. ನೆಲದ ಮೇಲೆ ಅಗ್ನಿಶಾಮಕದವರು ಹೊಡೆದ ನೀರು ಇನ್ನೂ ಮೂಲೆಯಲ್ಲಿ ನಿಂತಿತ್ತು.

ಇನ್ಸ್‌ಪೆಕ್ಟರಮ್ಮ ಮೊದಲು ನೋಡಿದ್ದು ನೆಲವನ್ನು. ನೆಲಹಾಸು ನೆನೆದು ಒಣಗಿತ್ತೇ ಹೊರತು ಎಲ್ಲೂ ಸುಟ್ಟಿರಲಿಲ್ಲ. ಬೆಂಕಿ ಶುರುವಾಗಿದ್ದು ಎದೆಮಟ್ಟದ ಒಂದು ಡ್ರಾಯರಿನ ಮುಂಭಾಗದಲ್ಲಿ. ಬಿಸಾಡಿದ ಸಿಗರೇಟು ನೆಲಕ್ಕೆ ಬೀಳುತ್ತದೆ. ಎದೆಮಟ್ಟಕ್ಕೆ ಹಾರಿ, ಮುಚ್ಚಿದ ಡ್ರಾಯರನ್ನು ತೆರೆದುಕೊಂಡು ಒಳಗೆ ಕೂರುವ ಸಿಗರೇಟನ್ನು ಅವರು ಕಂಡಿರಲಿಲ್ಲ. ಮೂಗು ಹತ್ತಿರ ತಂದರೆ ಕರಕಲು ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ.

"ಇದೇನು?"

"ಸ್ಪಿರಿಟ್ಟು" ಎಂದರು ನಿರ್ದೇಶಕರು. "ಟೈಪ್‌ರೈಟರ್ ಒರೆಸೋಕೆ. ಎಲ್ಲರ ಮೇಜಿನ ಮೇಲೂ ಒಂದೊಂದು ಬಾಟಲಿ ಇರುತ್ತೆ."

ತುಂಡು ಬೀರುವಿನ ಕಾಲಿನ ಪಕ್ಕದಲ್ಲಿ ಬಿದ್ದಿತ್ತು. ಗಡಿಯಾರ ಮಂಡಿಯೂರಿ ಕೂತು, ಚಿಮಟದಿಂದ ಅದನ್ನೆತ್ತಿ ಬೆಳಕಿಗೆ ಹಿಡಿದ. ಅವನ ಮುಖದ ಮೇಲೆ ಪರಿಣತನ ಕಳೆ ಬಂತು.

"ಮೇಡಂ, ದಿನಕ್ಕೆ ಒಂದು ಪ್ಯಾಕು ಸೇದೋ ಪಾಪಿ ನಾನು, ನನ್ನ ಮಾತು ನಂಬಿ. ನೀರಿಗೆ ಬಿದ್ದ ಸಿಗರೇಟು ಬಿಚ್ಚಿಕೊಂಡು ಒಳಗಿನ ತಂಬಾಕೆಲ್ಲ ಹೊರಗೆ ಬಂದುಬಿಡುತ್ತೆ. ಇದು ನನ್ನ ಜೇಬಲ್ಲಿರೋದಕ್ಕಿಂತ ಗರಿಗರಿಯಾಗಿದೆ."

ಅಲ್ಲಿಗೆ ಮಾತು ಮುಗಿದಂತೆಯೇ. ಒಂದು ಐವತ್ತರಿಂದ ಎರಡೂವರೆಯವರೆಗೆ ಈ ಕೋಣೆಯಲ್ಲಿ ಪಾದ ಮುಳುಗುವಷ್ಟು ನೀರು. ಆ ತುಂಡು ನೀರು ಇಳಿದ ಮೇಲೆ ಬಂದದ್ದು. ಆಗ ಅಟೆಂಡರ್ ಆಸ್ಪತ್ರೆಯ ಮಂಚದ ಮೇಲಿದ್ದ.

ಇನ್ಸ್‌ಪೆಕ್ಟರಮ್ಮನ ಬೆನ್ನು ನೆಟ್ಟಗಾಯಿತು. ಇದು ನಿರ್ಲಕ್ಷ್ಯದ ಕೇಸಲ್ಲ. ಯಾರೋ ಬೆಂಕಿ ಇಟ್ಟಿದ್ದಾರೆ, ಆಮೇಲೆ ಬಂದು ಮಾತಾಡಲಾರದವನ ತಲೆಗೆ ಅದನ್ನು ಕಟ್ಟಿದ್ದಾರೆ. ಆದರೆ ಯಾರೆದುರೂ ಬಾಯಿ ಬಿಡಲಿಲ್ಲ.

"ಈ ತುಂಡು ಮೊದಲು ಯಾರ ಕಣ್ಣಿಗೆ ಬಿತ್ತು?"

"ನಿನ್ನೆ ಸಂಜೆ ಐದಕ್ಕೆ ನಾನೂ ಮೇಷ್ಟ್ರೂ ಒಟ್ಟಿಗೇ ಬಂದ್ವಿ. ಅವರೇ ತೋರಿಸಿದ್ರು."

ಮೇಷ್ಟ್ರು ಎಂದರೆ ಕಚೇರಿಯ ಹಿರಿಯ ಸಂಪಾದಕರು. ಅವರು ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಬಂದವರಿಗೆಲ್ಲ ಕೆಲಸ ಕಲಿಸಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಹನ್ನೆರಡು ನಲವತ್ತಕ್ಕೆ ಅವರ ಹೇಳಿಕೆ ಪಡೆದರು. ಐವತ್ತೈದು ದಾಟಿದ ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಬಲಗೈ ಹೆಬ್ಬೆರಳಿಗೆ ಹೋಗದ ನೀಲಿ ಶಾಯಿ. ರಾತ್ರಿಯೆಲ್ಲ ಅತ್ತಂತೆ ಕಣ್ಣು ಕೆಂಪಾಗಿತ್ತು.

"ನಿನ್ನೆ ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಮನೇಲಿ. ಹನ್ನೆರಡು ಐವತ್ತಕ್ಕೆ ಹೊರಟೆ. ವಾಪಸ್ ಬಂದಾಗ ಒಂದು ಮುಕ್ಕಾಲು ದಾಟಿತ್ತು, ಬೆಂಕಿ ಗಾಡಿ ಬಂದು ನಿಂತಿತ್ತು."

"ಚೀಟಿ ಕೋಣೆ ಕೀಲಿ ಯಾರ ಹತ್ರ ಇರುತ್ತೆ?"

"ಅಟೆಂಡರ್ ಹತ್ರಾನೇ. ತಗೊಂಡವರು ರಿಜಿಸ್ಟರಲ್ಲಿ ಬರೀಬೇಕು. ನಿನ್ನೆ ಊಟದ ಹೊತ್ತಿಗೆ ಯಾರೂ ಬರೆದಿಲ್ಲ, ನೋಡಿ."

ನಿಜಕ್ಕೂ ಯಾರೂ ಬರೆದಿರಲಿಲ್ಲ.

"ಆತ ನಿಮಗೆ ಎಷ್ಟು ವರ್ಷದ ಪರಿಚಯ?"

"ಮೂವತ್ತೊಂದು. ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು." ಮೇಷ್ಟ್ರ ಧ್ವನಿ ಒಡೆಯಿತು. "ಅವನು ಬೇಕಂತ ಮಾಡಿದ್ದಲ್ಲ ಮೇಡಂ. ಏನೋ ಒಂದು ಗಳಿಗೆ ಮೈಮರೆತಿರಬೇಕು. ದಯವಿಟ್ಟು ಕಟುವಾಗಿ ಬರೀಬೇಡಿ."

ಎಂಥ ಒಳ್ಳೆಯ ಮನುಷ್ಯ ಅಂದುಕೊಂಡರು ಇನ್ಸ್‌ಪೆಕ್ಟರಮ್ಮ. ಅವರು ಹಾಗೆ ಅಂದುಕೊಂಡದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ತನಿಖೆ ಮಾಡುವವರೂ ಮನುಷ್ಯರೇ.

ಸುಟ್ಟ ಡ್ರಾಯರನ್ನು ಒಳಗಿದ್ದ ಚೀಟಿಗಳ ಸಮೇತ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಹಾಕಿ, ಪಂಚರ ಸಹಿ ಪಡೆದು ಠಾಣೆಗೆ ಕಳಿಸಿದರು.

ನಾಲ್ಕು ಗಂಟೆಗೆ ಆಸ್ಪತ್ರೆ. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಅಟೆಂಡರನ ಮಗಳು ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂತಿದ್ದಳು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು, ಆ ಸಮವಸ್ತ್ರದಲ್ಲೇ ಓಡಿ ಬಂದಿದ್ದಳು. ಪೊಲೀಸರನ್ನು ಕಂಡವಳೇ ಎದ್ದು ನಿಂತಳು.

"ನಮ್ಮಪ್ಪನ ಮೇಲೆ ಕೇಸ್ ಹಾಕಿದ್ದೀರಂತೆ."

"ಯಾರ ಮೇಲೂ ಹಾಕಿಲ್ಲ. ಅಪ್ಪ ಸಿಗರೇಟು ಸೇದ್ತಾರಾ?"

"ಬಿಟ್ಟು ನಾಲ್ಕು ವರ್ಷ ಆಯ್ತು. ನನ್ನ ಮಗ ಹುಟ್ಟಿದ ದಿನ ಬಿಟ್ಟಿದ್ದು. ಆಫೀಸಲ್ಲಿ ಯಾರಿಗೂ ಹೇಳಿಕೊಂಡಿಲ್ಲ. ಮತ್ತೆ ಶುರು ಮಾಡಿದ್ರೆ ಮಾನ ಹೋಗುತ್ತೆ ಅಂತ." ಅವಳು ಸೆರಗಿಗಾಗಿ ತಡಕಿದಳು. ಸಮವಸ್ತ್ರಕ್ಕೆ ಸೆರಗಿರಲಿಲ್ಲ, ಅಂಗೈಯಿಂದಲೇ ಕಣ್ಣು ಒರೆಸಿಕೊಂಡಳು. "ಮೇಡಂ, ಅಪ್ಪ ಹೋಗಿಬಿಟ್ರೆ ಜನ ಅದನ್ನೇ ಹೇಳ್ತಾರೆ ಅಲ್ವಾ? ಕಚೇರಿ ಸುಟ್ಟವನ ಮಗಳು ಅಂತ."

ಇಂಥ ಹೊತ್ತಿನಲ್ಲಿ ಸಮಾಧಾನ ಹೇಳಲು ಇನ್ಸ್‌ಪೆಕ್ಟರಮ್ಮನಿಗೆ ಯಾವತ್ತೂ ಬಂದಿಲ್ಲ. "ಅಪ್ಪನ ಸಾಮಾನು ಏನಾದ್ರೂ ಕೊಟ್ಟಿದ್ದಾರಾ?" ಎಂದು ಕೇಳಿದರು.

ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕೈಗಡಿಯಾರ, ಕೀಲಿಗೊಂಚಲು, ಜೊತೆಗೆ ಅರ್ಧ ಸುಟ್ಟ ಒಂದು ಚೀಟಿ ಇತ್ತು.

"ಇದು ಅಪ್ಪನ ಮುಷ್ಟಿಯಲ್ಲಿತ್ತಂತೆ. ಬೆರಳು ಬಿಡಿಸೋಕೆ ಇಬ್ಬರು ನರ್ಸು ಬೇಕಾಯ್ತಂತೆ."

ಚೀಟಿ ಹಳೆಯದು, ನೀಲಿ ಶಾಯಿಯ ಕೈಬರಹ, ಒಂದು ಮೂಲೆಯಲ್ಲಿ ಕಂದು ಕಲೆ. ಕೆಳಭಾಗ ಕರಕಲಾಗಿತ್ತು. ಮೇಲೆ ದೊಡ್ಡಕ್ಷರದ ಇಂಗ್ಲಿಷ್ ಪದ: ಪ್ರಾಕ್ಟಿಸಂಟ್. ಅದರ ಕೆಳಗೆ ಕನ್ನಡದಲ್ಲಿ: ಒಳಸಂಚು ಹೂಡುವವನು, ಮಸಲತ್ತುಗಾರ. ಬಳಕೆ ತಪ್ಪಿದ್ದು. ಮೊದಲ ಪ್ರಯೋಗ, ಒಂದು ಹಳೆಯ ನಾಟಕ. ಎರಡನೇ ಪ್ರಯೋಗ, ಒಬ್ಬ ಮ್ಯಾಜಿಸ್ಟ್ರೇಟನ ದಿನಚರಿ, ಪುಟ ಇನ್ನೂರ ಹನ್ನೆರಡು: "ಮಸಲತ್ತುಗಾರನು ತನ್ನನ್ನು ಶಂಕಿಸುವವನಿಗೆ ಹೆದರುವುದಿಲ್ಲ, ನಂಬಿದವನಿಗೆ ಹೆದರುತ್ತಾನೆ."

ಇನ್ಸ್‌ಪೆಕ್ಟರಮ್ಮ ಆ ಸಾಲನ್ನು ಎರಡು ಸಲ ಓದಿದರು. ಅದು ಅವರಿಗೆ ಬಾಯಿಪಾಠ. ಪೊಲೀಸ್ ತರಬೇತಿ ಶಾಲೆಯ ಊಟದ ಮನೆಯ ಗೋಡೆಯ ಮೇಲೆ ಅಷ್ಟುದ್ದ ಅಕ್ಷರದಲ್ಲಿ ಬರೆದಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಅವರೇ ಅದನ್ನು ಡೈರಿಯ ಮೊದಲ ಪುಟದಲ್ಲಿ ಇಳಿಸಿಕೊಂಡಿದ್ದರು. ವಕೀಲರು ವಾದದಲ್ಲಿ ಹೇಳುತ್ತಿದ್ದರು, ಭಾಷಣಕಾರರು ಚಪ್ಪಾಳೆಗಾಗಿ ಹೇಳುತ್ತಿದ್ದರು. ಊರೆಲ್ಲ ಓಡಾಡಿದ ಆ ಮಾತು ಈಗ ಈ ಅಂಗೈಯಗಲದ ಚೀಟಿಯಲ್ಲಿ ಕೂತಿತ್ತು.

"ಈ ಪದ ಗೊತ್ತೇನಯ್ಯ ನಿಂಗೆ?"

"ಪ್ರಾಕ್ಟೀಸ್ ಗೊತ್ತು ಮೇಡಂ" ಎಂದ ಗಡಿಯಾರ. "ಡಾಕ್ಟರು ಮಾಡ್ತಾರಲ್ಲ. ಅದಕ್ಕೂ ಮಸಲತ್ತಿಗೂ ಸಂಬಂಧ ಇದೆ ಅಂದ್ರೆ ನಾನೇನೂ ಆಶ್ಚರ್ಯಪಡಲ್ಲ. ನಾಲ್ಕು ಹದಿನೆಂಟು."

ಚೀಟಿಯನ್ನು ವಶಕ್ಕೆ ಪಡೆದರು. ಒಬ್ಬ ಕಾನ್‌ಸ್ಟೇಬಲನನ್ನು ಬಾಗಿಲಿಗೆ ಕಾವಲು ಹಾಕಿದರು. ಹಿಂದಿರುಗುವಾಗ ಮೆಟ್ಟಿಲಲ್ಲಿ ಮೇಷ್ಟ್ರು ಎದುರಾದರು. ಕೈಯಲ್ಲಿ ಅಟೆಂಡರನ ಮಗಳಿಗೆ ಊಟದ ಡಬ್ಬಿ, ಒಂದು ಫ್ಲಾಸ್ಕು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಿಘಂಟು ಕಚೇರಿಯ ಪರಿಶೀಲಕಿ ಠಾಣೆಗೆ ಬಂದಳು. ಹೊಸ ಆವೃತ್ತಿ ಅಚ್ಚಿಗೆ ಹೋಗುವ ಮೊದಲು ಚೀಟಿಯಲ್ಲಿರುವ ಪ್ರತಿಯೊಂದು ಪ್ರಯೋಗವನ್ನೂ ಮೂಲ ಪುಸ್ತಕದೊಂದಿಗೆ ತಾಳೆ ನೋಡುವುದು ಅವಳ ಕೆಲಸ. ಕಚೇರಿಯವರು ಅವಳಿಗಿಟ್ಟ ಹೆಸರು ಭೂತಗನ್ನಡಿ. ಸುಟ್ಟುಹೋದ ಚೀಟಿಗಳ ಪಟ್ಟಿ ಮಾಡಿಕೊಡಲು ಅವಳನ್ನು ಕರೆಸಿದ್ದರು.

ಮುದ್ರೆ ಒಡೆದು ಡ್ರಾಯರನ್ನು ಮೇಜಿನ ಮೇಲಿಟ್ಟರು. ಒತ್ತಿ ಕೂತ ಕಾಗದ ಸುಲಭಕ್ಕೆ ಸುಡುವುದಿಲ್ಲ. ಮುಂದಿನ ಗೇಣುದ್ದ ಬೂದಿಯಾಗಿತ್ತು, ಹಿಂದಿನ ಚೀಟಿಗಳ ಅಂಚು ಮಾತ್ರ ಕಂದಿತ್ತು. ಹುಡುಗಿ ಅವನ್ನು ಒಂದೊಂದಾಗಿ ಬೆರಳಲ್ಲಿ ಹಿಂದಕ್ಕೆ ಸರಿಸಿ ಎಣಿಸತೊಡಗಿದಳು. ಇನ್ಸ್‌ಪೆಕ್ಟರಮ್ಮ ಪ್ಲಾಸ್ಟಿಕ್ ಕವರಿನಲ್ಲಿದ್ದ ಅರ್ಧ ಸುಟ್ಟ ಚೀಟಿಯನ್ನು ಅವಳ ಮುಂದಿಟ್ಟರು.

ಅವಳ ಬೆರಳು ನಿಂತಿತು. "ಇದು ಸುಟ್ಟಿದ್ದು ಹೇಗೆ?"

"ಯಾಕೆ?"

"ಇದು ಡ್ರಾಯರಿನ ಹಿಂಭಾಗದ್ದು ಮೇಡಂ. ಅಕ್ಷರದ ಕ್ರಮ ನೋಡಿ, ಇದರ ಅಕ್ಕಪಕ್ಕದವೆಲ್ಲ ಹಾಗೇ ಇವೆ. ಇದೊಂದೇ ಬೆಂಕಿ ಹತ್ತಿರ ಹೇಗೆ ಹೋಯ್ತು?" ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ಸೋಮವಾರ ಸಂಜೆ ನಾನು ಇದೇ ಚೀಟಿ ಬಗ್ಗೆ ಕೇಳಿದ್ದೆ."

"ಏನಂತ?"

"ನಮ್ಮಲ್ಲಿ ಒಂದು ನಿಯಮ ಇದೆ. ಎರಡು ಬೇರೆ ಬೇರೆ ಪುಸ್ತಕದಲ್ಲಿ ಪ್ರಯೋಗ ಸಿಕ್ಕಿದ್ರೆ ಮಾತ್ರ ಪದ ನಿಘಂಟಿಗೆ ಹೋಗುತ್ತೆ. ಈ ಪದಕ್ಕೆ ಮೊದಲನೇದು ಸರಿಯಾಗಿದೆ. ಎರಡನೇ ಪುಸ್ತಕ ಎಲ್ಲೂ ಸಿಗಲಿಲ್ಲ. ಮೂರು ದೊಡ್ಡ ಗ್ರಂಥಾಲಯಕ್ಕೆ ಬರೆದೆ. ಅಂಥ ಪುಸ್ತಕವೇ ಇಲ್ಲ ಅಂತ ಮೂರರಿಂದಲೂ ಉತ್ತರ ಬಂತು. ಪುಸ್ತಕದ ಹೆಸರು ಬರೆಯೋದ್ರಲ್ಲಿ ಏನೋ ಕೈತಪ್ಪಿರಬೇಕು ಅಂದ್ಕೊಂಡು ಬರೆದವರನ್ನೇ ಕೇಳಿದೆ. ಹುಡುಕಿ ಹೇಳ್ತೀನಮ್ಮ ಅಂದ್ರು."

"ಬರೆದವರು ಯಾರು?"

ಹುಡುಗಿಯ ಕಣ್ಣು ಡ್ರಾಯರಿನೊಳಗೆ ನೆಟ್ಟಿತ್ತು. ಹಿಂಭಾಗದ ಬಿಳಿ ಚೀಟಿಗಳ ನಡುವೆ, ಕೂದಲೆಳೆಯಷ್ಟು, ಒಂದು ಗುಲಾಬಿ ಅಂಚು ಕಾಣುತ್ತಿತ್ತು.

"ಅದೇನು?"

"ಬದಲಿ ಚೀಟಿ. ಯಾರೇ ಒಂದು ಚೀಟಿ ಹೊರಗೆ ತೆಗೆದ್ರೂ ಅದರ ಜಾಗದಲ್ಲಿ ಗುಲಾಬಿ ಚೀಟಿ ಇಡಬೇಕು. ತಾರೀಕು, ಹೊತ್ತು, ತೆಗೆದವರ ಸಂಖ್ಯೆ. ಇಲ್ಲದಿದ್ರೆ ಮತ್ತೆ ಸೇರಿಸುವಾಗ ಜಾಗ ಸಿಗಲ್ಲ. ಸೇರಿದ ಮೊದಲ ದಿನ ಕಲಿಸೋದೇ ಅದು. ಆಮೇಲೆ ಕೈ ತಾನಾಗಿ ಇಡುತ್ತೆ, ನಮಗೆ ಗೊತ್ತೂ ಆಗಲ್ಲ."

ಇನ್ಸ್‌ಪೆಕ್ಟರಮ್ಮ ಚಿಮಟದಿಂದ ಅದನ್ನು ಎತ್ತಿದರು. ಮೇಲಂಚು ಮಾತ್ರ ಕಂದಿತ್ತು. ನೀಲಿ ಶಾಯಿ, ದುಂಡಗಿನ ಅಕ್ಷರ. ಹದಿಮೂರನೇ ತಾರೀಕು. ಒಂದು ಗಂಟೆ ಐದು ನಿಮಿಷ. ಸಂಖ್ಯೆ ಮೂರು.

"ಮೂರು ಅಂದ್ರೆ?"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. "ಮೇಷ್ಟ್ರು. ನನಗೆ ಕೆಲಸ ಕಲಿಸಿದವರು. ಈ ಗುಲಾಬಿ ಚೀಟಿ ಇಡೋದನ್ನ ಕಲಿಸಿದ್ದೂ ಅವರೇ."

ಒಂದು ಐದಕ್ಕೆ ಮನೆಯಲ್ಲಿ ಊಟ ಮಾಡುತ್ತಿದ್ದೆ ಎಂದವರು ಒಂದು ಐದಕ್ಕೆ ಈ ಡ್ರಾಯರಿನ ಮುಂದೆ ನಿಂತಿದ್ದರು. ಬೆಂಕಿ ಇಡಲು ಬಂದ ಮನುಷ್ಯ, ಇಡುವ ಮೊದಲು, ನಿಯಮದ ಪ್ರಕಾರ ರಸೀತಿ ಬರೆದಿಟ್ಟಿದ್ದರು. ಇನ್ಸ್‌ಪೆಕ್ಟರಮ್ಮನಿಗೆ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ.

"ಈಗ ಎಲ್ಲಿದ್ದಾರೆ ಅವರು?"

"ಆಸ್ಪತ್ರೇಲಿ. ಇವತ್ತು ಹನ್ನೆರಡಕ್ಕೆ ಅಟೆಂಡರಣ್ಣನ ಗಂಟಲ ನಳಿಗೆ ತೆಗೀತಾರಂತೆ. ಎಚ್ಚರ ಬಂದಿದೆಯಂತೆ, ಆಮೇಲೆ ಮಾತಾಡಬಹುದಂತೆ. ಬೆಳಿಗ್ಗೆಯಿಂದ ಮೇಷ್ಟ್ರು ಅಲ್ಲೇ..."

ಮಾತು ಮುಗಿಯುವ ಮೊದಲೇ ಇನ್ಸ್‌ಪೆಕ್ಟರಮ್ಮ ಎದ್ದಿದ್ದರು. ರಿಜಿಸ್ಟರಿನಲ್ಲಿ ಬರೆಯದ ಕೀಲಿ ಯಾರ ಕೈಗೆ ಹೋಯಿತು ಎಂಬುದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬನಿಗೆ ಇನ್ನರ್ಧ ಗಂಟೆಯಲ್ಲಿ ಬಾಯಿ ಬರುತ್ತದೆ. ಇನ್ನೊಬ್ಬರು ಅವನ ತಲೆದೆಸೆಯಲ್ಲಿ ಕೂತಿದ್ದಾರೆ.

"ಹನ್ನೊಂದು ಮೂವತ್ತೊಂದು" ಎಂದ ಗಡಿಯಾರ, ಜೀಪು ಹತ್ತುತ್ತ. ಕಾವಲಿನ ಕಾನ್‌ಸ್ಟೇಬಲನಿಗೆ ಫೋನು ಹಚ್ಚಿದ. ಗಂಟೆ ಬಡಿಯಿತು, ಎತ್ತಲಿಲ್ಲ. ದೊಡ್ಡ ವೃತ್ತದಲ್ಲಿ ಒಂದು ಸಿಮೆಂಟಿನ ಲಾರಿ ಅಡ್ಡ ನಿಂತು ಹಿಂದೆ ಮುಂದೆ ಮಾಡುತ್ತಿತ್ತು. ಗಡಿಯಾರ ಇಳಿದು, ಲಾರಿಯವನ ಏಳು ತಲೆಮಾರನ್ನು ನೆನೆದು, ದಾರಿ ಮಾಡಿಸಿದ. ಮತ್ತೆ ಫೋನು, ಮತ್ತೆ ಬರೀ ಗಂಟೆ. ಎಂಥ ಒಳ್ಳೆಯ ಮನುಷ್ಯ ಎಂಬ ತಮ್ಮದೇ ಮಾತು ಇನ್ಸ್‌ಪೆಕ್ಟರಮ್ಮನ ಕಿವಿಯಲ್ಲಿ ಕುಟುಕುತ್ತಿತ್ತು.

ಹನ್ನೊಂದು ನಲವತ್ತಮೂರಕ್ಕೆ ಘಟಕದ ಹೊರಗೆ. ಕಾವಲಿನವನ ಕುರ್ಚಿ ಖಾಲಿ. ಚಹಾಕ್ಕೆ ಹೋಗಿದ್ದನಂತೆ, ಫೋನನ್ನು ಕುರ್ಚಿಯ ಮೇಲೇ ಮರೆತಿದ್ದ. ಮಗಳು ಔಷಧಿ ಚೀಟಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು.

"ಅಪ್ಪನ ಹತ್ರ ಯಾರಿದ್ದಾರೆ?"

"ದೊಡ್ಡಪ್ಪ ಇದ್ದಾರಲ್ಲ ಮೇಡಂ" ಎಂದಳು ಅವಳು, ಅದಕ್ಕಿಂತ ಧೈರ್ಯದ ಸಂಗತಿ ಇನ್ನೊಂದಿಲ್ಲ ಎಂಬಂತೆ. ಮೇಷ್ಟ್ರನ್ನು ಅವಳು ಹುಟ್ಟಿದಾಗಿನಿಂದ ಕರೆಯುತ್ತಿದ್ದುದೇ ಹಾಗೆ.

ಒಳಗೆ ಆರು ಮಂಚ. ನರ್ಸು ತುದಿಯ ಮಂಚದ ಬಳಿ ಬಾಗಿ ಏನೋ ಮಾಡುತ್ತಿದ್ದಳು. ಮೂರನೆಯದರ ಪಕ್ಕದಲ್ಲಿ ನೀಲಿ ಗೌನು ತೊಟ್ಟ ಮೇಷ್ಟ್ರು ನಿಂತಿದ್ದರು. ಅಟೆಂಡರನ ಕಣ್ಣು ತೆರೆದಿತ್ತು. ಅವನು ಗೆಳೆಯನನ್ನು ನೋಡುತ್ತಿದ್ದ. ಮೇಷ್ಟ್ರ ಬಲಗೈ, ನೀಲಿ ಹೆಬ್ಬೆರಳಿನ ಕೈ, ಉಸಿರಿನ ನಳಿಗೆಯ ಮೇಲಿತ್ತು.

"ಮೇಷ್ಟ್ರೇ, ಕೈ ತೆಗೀರಿ."

ಇನ್ಸ್‌ಪೆಕ್ಟರಮ್ಮ ಕೂಗಲಿಲ್ಲ. ಕೂಗಿದರೆ ಆ ಕೈ ಬೆಚ್ಚಿಬೀಳುತ್ತದೆ ಎಂಬ ಭಯ ಅವರಿಗೆ. ಎರಡು ಹೆಜ್ಜೆ ಮುಂದಿಟ್ಟರು, ಮೂರನೆಯದನ್ನೂ ಇಟ್ಟರು. ಮೇಷ್ಟ್ರು ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಆಮೇಲೆ ಮೆಲ್ಲಗೆ ತೆಗೆದರು. ಗಡಿಯಾರ ಅವರ ತೋಳು ಹಿಡಿದು ಹೊರಗೆ ಕರೆತಂದ. ಮೊದಲ ಸಲ ಅವನು ಹೊತ್ತು ಹೇಳಲು ಮರೆತಿದ್ದ.

ನರ್ಸುಗಳ ಸಣ್ಣ ಕೋಣೆಯಲ್ಲಿ ಕೂರಿಸಿದರು. ಇನ್ಸ್‌ಪೆಕ್ಟರಮ್ಮ ಗುಲಾಬಿ ಚೀಟಿಯನ್ನು ಮೇಜಿನ ಮೇಲಿಟ್ಟರು.

ಮೇಷ್ಟ್ರು ಅದರ ಮೇಲೆ ಬಾಗಿ ತಮ್ಮ ಅಕ್ಷರ ಓದಿದರು. "ಇಟ್ಟಿದ್ದೆನಾ?" ಎಂದರು. ಆ ಪ್ರಶ್ನೆಯಲ್ಲಿ ನಾಟಕವಿರಲಿಲ್ಲ. "ನೆನಪೇ ಇಲ್ಲ."

"ಪುಸ್ತಕ ಇಲ್ಲ, ಅಲ್ವಾ?"

"ಇಲ್ಲ."

"ಆ ವಾಕ್ಯ?"

"ನಂದು. ಆಗ ನನಗೆ ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಎರಡನೇ ದಿನ, ನನಗೆ ಕೊಟ್ಟ ಮೊದಲ ಪದ ಅದು. ಎರಡನೇ ಪ್ರಯೋಗ ಎಲ್ಲಿ ಹುಡುಕಿದ್ರೂ ಸಿಗಲಿಲ್ಲ. ಬರಿಗೈಯಲ್ಲಿ ಹೋಗಿ ನಿಂತ್ರೆ ದೊಡ್ಡ ಸಂಪಾದಕರು ಏನಂತಾರೋ ಅಂತ ಹೆದರಿಕೆ. ಒಂದು ಸಾಲು ಹೊಸೆದೆ, ಒಂದು ಪುಸ್ತಕದ ಹೆಸರು ಹೊಸೆದೆ. ಓದಿ ಅವರು ಬೆನ್ನು ತಟ್ಟಿದ್ರು." ಮೇಷ್ಟ್ರು ಹೆಬ್ಬೆರಳಿನ ಶಾಯಿ ಉಜ್ಜಿದರು. "ಆಮೇಲೆ ನಿಘಂಟಲ್ಲಿ ಅಚ್ಚಾಗಿ ಅದು ಗೋಡೆ ಹತ್ತಿತು. ನೀವೂ ಕೇಳಿರಬೇಕು."

"ಕೇಳಿದ್ದೀನಿ" ಎಂದರು ಇನ್ಸ್‌ಪೆಕ್ಟರಮ್ಮ. ಎಲ್ಲಿ ಎಂದು ಹೇಳಲಿಲ್ಲ.

"ಅದಾದ ಮೇಲೆ ನಲವತ್ತು ಸಾವಿರ ಚೀಟಿ ಬರೆದಿದ್ದೀನಿ. ಒಂದರಲ್ಲೂ ಸುಳ್ಳಿಲ್ಲ. ಆ ಹುಡುಗಿ ಹಿಡಿದಿದ್ದು ಇದೊಂದನ್ನೇ. ಇದು ಹೊರಗೆ ಬಂದ್ರೆ ಉಳಿದವನ್ನೂ ಯಾರು ನಂಬ್ತಾರೆ? ಹರಿದುಹಾಕೋಣ ಅಂತ ತೆಗೆದೆ, ಆಗಲಿಲ್ಲ. ಇದೊಂದೇ ಮಾಯವಾದ್ರೆ ನನ್ನನ್ನೇ ಕೇಳ್ತಾರೆ, ಡ್ರಾಯರೇ ಹೋದ್ರೆ ಯಾರನ್ನೂ ಕೇಳಲ್ಲ ಅನ್ನಿಸ್ತು. ಚೀಟೀನ ಡ್ರಾಯರಿನ ಮುಂಭಾಗದಲ್ಲಿ ಇಟ್ಟು, ಸ್ಪಿರಿಟ್ ಸುರಿದು ಕಡ್ಡಿ ಗೀರಿದೆ. ಅವನು ಒಳಗೆ ನುಗ್ತಾನೆ ಅಂತ... ಅವನಿಗೆ ಅಲ್ಲಿ ಏನಿತ್ತು ಮೇಡಂ? ಓದೋಕೂ ಬಾರದ ಇಂಗ್ಲಿಷ್ ಚೀಟಿಗಾಗಿ ಯಾಕೆ ನುಗ್ಗಿದ?"

"ಸಿಗರೇಟು?"

"ಅಜಾಗರೂಕತೆ ಅಂತ ಆದ್ರೆ ಒಂದು ನೋಟೀಸ್ ಕೊಟ್ಟು ಬಿಡ್ತಾರೆ ಅಂದ್ಕೊಂಡೆ. ಅವನು ಬಿಟ್ಟಿದ್ದು ನನಗೂ ಗೊತ್ತಿರಲಿಲ್ಲ."

"ಈಗ ಒಳಗೆ ಆ ಕೈ ಏನು ಮಾಡ್ತಿತ್ತು?"

ಮೇಷ್ಟ್ರು ತಲೆ ತಗ್ಗಿಸಿದರು. "ಹೊದಿಕೆ ಸರಿಮಾಡೋಕೆ ಹೋಗಿದ್ದೆ. ಆಮೇಲೆ ನಳಿಗೆ ಸಿಕ್ತು. ಆಮೇಲೆ ಏನು ಮಾಡ್ತಿದ್ದೆನೋ ನನಗೇ ಗೊತ್ತಿಲ್ಲ. ಹಾಗೇ ಬರ್ಕೊಳ್ಳಿ."

ಆಗ ಇನ್ಸ್‌ಪೆಕ್ಟರಮ್ಮ ಎರಡನೇ ಕವರನ್ನು ಮೇಜಿನ ಮೇಲಿಟ್ಟರು. ಅರ್ಧ ಸುಟ್ಟ ಚೀಟಿ.

ಮೇಷ್ಟ್ರು ಬೆಂಕಿ ಮುಟ್ಟಿದವರಂತೆ ಹಿಂದೆ ಸರಿದರು. "ಇದು ಸುಟ್ಟುಹೋಯ್ತಲ್ಲ."

"ನಿಮ್ಮ ಗೆಳೆಯನ ಮುಷ್ಟಿಯಲ್ಲಿತ್ತು."

ಮೇಷ್ಟ್ರ ಬೆರಳು ಕವರಿನ ಮೇಲೆ ಹರಿದು ಮೂಲೆಯ ಕಂದು ಕಲೆಯ ಮೇಲೆ ನಿಂತಿತು. ಅದು ಚಹಾದ ಕಲೆ. ಮೂವತ್ತೊಂದು ವರ್ಷದ ಹಿಂದೆ, ಹೊಸದಾಗಿ ಸೇರಿದ ಅಟೆಂಡರ್ ಹೊಸದಾಗಿ ಸೇರಿದ ಬರಹಗಾರನ ಮೊದಲ ಚೀಟಿಯ ಮೇಲೆ ಚಹಾ ಚೆಲ್ಲಿದ್ದ. ಕೆಲಸ ಹೋಯಿತು ಎಂದು ಅವನು ನಡುಗುತ್ತಿದ್ದಾಗ, ಇರಲಿ ಬಿಡಯ್ಯ, ಇದು ನಮ್ಮಿಬ್ಬರ ಸಹಿ ಎಂದು ಇವರು ನಕ್ಕಿದ್ದರು. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಕಲೆ ಗೊತ್ತಿತ್ತು. ಆ ಹೊಗೆಯಲ್ಲಿ ಅವನು ಗುರುತು ಹಿಡಿದದ್ದು ಅದನ್ನೇ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟ್ರಿಗೆ ಉಸಿರು ಹತ್ತದಾಯಿತು. ಅವರು ಮೇಜಿಗೆ ಹಣೆ ಇಟ್ಟು ಅತ್ತರು. ಗಡಿಯಾರ ಮುಖ ತಿರುಗಿಸಿ ಕಿಟಕಿ ನೋಡುತ್ತ ನಿಂತ. ಸಿಟ್ಟು ಬರಲೆಂದು ಇನ್ಸ್‌ಪೆಕ್ಟರಮ್ಮ ಕಾದರು, ಅದು ಬರಲಿಲ್ಲ.

ಹನ್ನೆರಡು ಇಪ್ಪತ್ತಕ್ಕೆ ದಸ್ತಗಿರಿ. ದಸ್ತಗಿರಿ ಪತ್ರಕ್ಕೆ ಸಹಿ ಹಾಕುವ ಮೊದಲು ಮೇಷ್ಟ್ರು ಅದನ್ನು ಪೂರ್ತಿ ಓದಿ, ಎರಡು ಕಡೆ ಕಾಗುಣಿತ ತಿದ್ದಿದರು. ಹೊರಗೆ ಬೆಂಚಿನ ಮೇಲಿದ್ದ ಮಗಳು ಕೋಳ ಕಂಡು ಏನೂ ಅರ್ಥವಾಗದೆ ಎದ್ದು ನಿಂತಳು. "ದೊಡ್ಡಪ್ಪ?" ಎಂದಳು. ಅವರು ತಲೆ ಎತ್ತಲಿಲ್ಲ.

ತಿಳಿಯಬೇಕಿದ್ದ ಆರೋಪಿಯ ಹೆಸರು ಆ ಮಧ್ಯಾಹ್ನ ಕಡತಕ್ಕೆ ಬಂತು. ಉದ್ದೇಶದ ಕಾಲಂನಲ್ಲಿ ಏನು ಬರೆಯಬೇಕೆಂದು ಇನ್ಸ್‌ಪೆಕ್ಟರಮ್ಮ ತುಸು ಯೋಚಿಸಬೇಕಾಯಿತು. ಆಸೆಯಲ್ಲ, ದ್ವೇಷವಲ್ಲ. ಇಪ್ಪತ್ತನಾಲ್ಕನೇ ವಯಸ್ಸಿನ ಒಂದು ಹೆದರಿಕೆ, ಐವತ್ತೈದರವರೆಗೂ ಡ್ರಾಯರಿನಲ್ಲಿ ಕೂತಿತ್ತು. "ಹಳೆಯ ತಪ್ಪೊಂದನ್ನು ಮುಚ್ಚಿಡುವ ಸಲುವಾಗಿ" ಎಂದಷ್ಟೇ ಬರೆದರು.

ಇಪ್ಪತ್ತೆರಡನೇ ತಾರೀಕು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಅಟೆಂಡರನ ಹೇಳಿಕೆ ಪಡೆಯಲು ವೈದ್ಯರು ಒಪ್ಪಿದರು. ಕೈಗಳಿಗೆ ಮೊಣಕೈವರೆಗೆ ಬ್ಯಾಂಡೇಜು, ದನಿ ಉಜ್ಜುಕಾಗದದಂತೆ ಗರಗರ. ಮಗಳು ಅಷ್ಟರಲ್ಲಿ ಎಲ್ಲವನ್ನೂ ಹೇಳಿದ್ದಳು. ಎರಡು ದಿನ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನಂತೆ.

ಇನ್ಸ್‌ಪೆಕ್ಟರಮ್ಮ ಸ್ಟೂಲು ಎಳೆದು ಕೂತರು. ಗಡಿಯಾರ ಕಾಗದ ಬಿಡಿಸಿದ.

"ನಿಮ್ಮ ಮೇಲೆ ಯಾವ ಆರೋಪಾನೂ ಇಲ್ಲ. ನಿರ್ದೇಶಕರು ಬರೆದುಕೊಟ್ಟಿದ್ದಾರೆ. ಒಂದೇ ಪ್ರಶ್ನೆ. ಅವತ್ತು ಕೀಲಿ ಯಾರಿಗೆ ಕೊಟ್ರಿ?"

ಅಟೆಂಡರ್ ಮುಖವನ್ನು ಸೂರಿನ ಕಡೆ ತಿರುಗಿಸಿದ. ಹೇಳಲಾರ ಎಂದೇ ಇನ್ಸ್‌ಪೆಕ್ಟರಮ್ಮ ಅಂದುಕೊಂಡರು.

"ಚೀಟಿ ಉಳೀತಾ ಮೇಡಂ?"

"ಅರ್ಧ ಉಳಿದಿದೆ."

"ಕಲೆ ಇರೋ ಕಡೆಯದಾ?"

"ಹೌದು."

ಅವನು ಕಣ್ಣು ಮುಚ್ಚಿದ. ರೆಪ್ಪೆಯಡಿಯಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಅವನ ಕೈ ಏಳುವಂತಿರಲಿಲ್ಲ, ಮಗಳು ಒರೆಸಿದಳು.

"ಮೇಷ್ಟ್ರು ಕೇಳಿದ್ರು, ಕೊಟ್ಟೆ" ಎಂದ ಕೊನೆಗೆ. "ಒಂದು ಗಂಟೆಗೆ. ಸ್ವಲ್ಪ ಹೊತ್ತಿಗೆ ವಾಪಸ್ ಕೊಟ್ಟು ಹೋದ್ರು. ರಿಜಿಸ್ಟರಲ್ಲಿ ಬರೆಸಲಿಲ್ಲ. ಅವರಿಗೆ ಕೊಟ್ಟಾಗ ನಾನು ಯಾವತ್ತೂ ಬರೆಸೇ ಇಲ್ಲ. ನಿಯಮ ಇತ್ತು, ನಾನು ಪಾಲಿಸಲಿಲ್ಲ. ಅದು ನನ್ನ ತಪ್ಪು. ಅದನ್ನೂ ಬರ್ಕೊಳ್ಳಿ."

ಗಡಿಯಾರ ಪೆನ್ನೆತ್ತಿ ಇನ್ಸ್‌ಪೆಕ್ಟರಮ್ಮನ ಮುಖ ನೋಡಿದ.

"ಬರ್ಕೋ" ಎಂದರು ಅವರು. "ಅವರು ಹೇಳಿದ ಹಾಗೇ."